12 ಪೆನ್ಸಿಲಿನ ಡಬ್ಬಿ ಕೊಳ್ಳಬೇಕೇ? ಸ್ವಂತವಾಗಿ ಚಿತ್ರ ಕಲಿಯುವವರ ಸಾಮಾನಿನ ವಿಮರ್ಶೆ

ಮೈಸೂರಿನಲ್ಲಿ ದೇವರಾಜ ಅರಸ್ ರಸ್ತೆಯಾಗಲಿ ಸರಸ್ವತಿಪುರಂ ಆಗಲಿ, ಸ್ಟೇಷನರಿ ಅಂಗಡಿಗೆ ಹೋಗಿ ‘ಚಿತ್ರ ಬರೆಯೋದು ಕಲೀಬೇಕು, ಏನೇನು ಬೇಕೋ ಕೊಡಿ’ ಎಂದರೆ ಸಾಮಾನ್ಯವಾಗಿ ಮೊದಲು ಕೌಂಟರಿಗೆ ಬರುವುದು ತಗಡಿನ ಡಬ್ಬಿ. ಒಳಗೆ 12 ಪೆನ್ಸಿಲ್, 6ಎಚ್‌ನಿಂದ 8ಬಿವರೆಗೆ. ಕೆಲವದರಲ್ಲಿ ಒಂದು ರಬ್ಬರು, ಒಂದು ಮೆಂಡರು, ಕಾಗದ ಸುತ್ತಿದ ಒಂದು ಉಜ್ಜುವ ಕಡ್ಡಿ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕಟ್ಟುವ ಮಕ್ಕಳಿಗೆ ಕೊಟ್ಟು ಕೊಟ್ಟು ಅಂಗಡಿಯವರಿಗೂ ಅದೇ ಅಭ್ಯಾಸ. ಡಬ್ಬಿ ಕೆಟ್ಟದ್ದೇನಲ್ಲ. ಆದರೆ ಮೇಷ್ಟರಿಲ್ಲದೆ ತಾನೇ ಕಲಿಯಲು ಹೊರಟವರಿಗೆ ಅದರಲ್ಲಿ ಒಂಬತ್ತು ಪೆನ್ಸಿಲ್ ದಂಡ. ಆ ದುಡ್ಡನ್ನು ಹಾಳೆಗೆ ಹಾಕಿದರೆ ಕೈ ಬೇಗ ತಿರುಗುತ್ತದೆ ಎಂಬುದು ನಮ್ಮ ತೀರ್ಪು. ಯಾಕೆ ಎನ್ನುವುದು ಮುಂದಿದೆ.

ಪೆನ್ಸಿಲಿನ ಲೆಡ್ ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು ಕಲಸಿ ಸುಟ್ಟ ಕಡ್ಡಿ. ಮಣ್ಣು ಹೆಚ್ಚಿದ್ದರೆ ಗಡಸು, ಗೆರೆ ತಿಳಿ, ಅದು ಎಚ್ ಕಡೆ. ಗ್ರಾಫೈಟ್ ಹೆಚ್ಚಿದ್ದರೆ ಮೆದು, ಗೆರೆ ಕಪ್ಪು, ಅದು ಬಿ ಕಡೆ. 4ಎಚ್, 6ಎಚ್ ಇವೆಲ್ಲ ಇಂಜಿನಿಯರಿಂಗ್ ಡ್ರಾಯಿಂಗಿನವರ ಸರಕು. ಕೈಯಲ್ಲಿ ಬರೆಯುವ ಚಿತ್ರಕ್ಕೆ ಅವು ನಿರುಪಯೋಗಿ ಮಾತ್ರವಲ್ಲ, ಉಪದ್ರವ. ಒಂಚೂರು ಒತ್ತಿದರೂ ಹಾಳೆಯಲ್ಲಿ ಗೀರು ಕೂತುಬಿಡುತ್ತದೆ. ರಬ್ಬರು ಬಣ್ಣವನ್ನು ತೆಗೆಯುತ್ತದೆಯೇ ಹೊರತು ಗುಳಿಯನ್ನಲ್ಲ. ಆಮೇಲೆ ಅದರ ಮೇಲೆ 6ಬಿ ಆಡಿಸಿದರೆ ಮೆದು ಲೆಡ್ ಗುಳಿಯೊಳಕ್ಕೆ ಇಳಿಯದೆ ಮೇಲಿಂದ ಮೇಲೆ ಜಾರಿ, ಕಪ್ಪಿನ ನಡುವೆ ಬಿಳಿ ಗೆರೆ ಎದ್ದು ನಿಲ್ಲುತ್ತದೆ. ಮುಖ ಬರೆಯುವವರಿಗೆ ಇದು ಗೊತ್ತಾಗುವುದು ಕೂದಲಿಗೆ ಕಪ್ಪು ತುಂಬುವಾಗ. ಅಷ್ಟು ಹೊತ್ತಿಗೆ ಚಿತ್ರ ಮುಕ್ಕಾಲು ಮುಗಿದಿರುತ್ತದೆ.

ಬಿ ಕಡೆಯ ಕತೆ ಬೇರೆ. ಬಿ, 2ಬಿ, 3ಬಿ, 4ಬಿ ಎಂದು ಸಾಲಾಗಿ ಇದ್ದರೂ, ಒತ್ತಡ ಹಿಡಿತಕ್ಕೆ ಬಾರದ ಕೈಯಲ್ಲಿ ಆ ವ್ಯತ್ಯಾಸ ಮುಳುಗಿಹೋಗುತ್ತದೆ. ಸಾಲದ್ದಕ್ಕೆ, ಕಪ್ಪು ಬೇಕಾದಾಗಲೆಲ್ಲ ಪೆನ್ಸಿಲ್ ಬದಲಾಯಿಸುವ ಚಟ ಬೆಳೆದರೆ ಒತ್ತಡದ ಹಿಡಿತ ಬರುವುದೇ ಇಲ್ಲ. ಎಚ್‌ಬಿ, 2ಬಿ, 6ಬಿ ಈ ಮೂರು ಸಾಕು. ಅಳತೆ ಹಾಕಿಕೊಳ್ಳಲು ಎಚ್‌ಬಿ, ಮುಕ್ಕಾಲು ಪಾಲು ಕೆಲಸಕ್ಕೆ 2ಬಿ, ಗಾಢ ನೆರಳಿಗೆ 6ಬಿ. ಮೂರೂ ಒಂದೇ ಕಂಪನಿಯವಿರಲಿ. ಒಬ್ಬರ 2ಬಿ ಇನ್ನೊಬ್ಬರ 2ಬಿಯಷ್ಟೇ ಕಪ್ಪಿರಬೇಕೆಂಬ ಕಟ್ಟುನಿಟ್ಟು ಈ ವ್ಯಾಪಾರದಲ್ಲಿಲ್ಲ. ಕ್ಯಾಮ್ಲಿನ್, ಅಪ್ಸರಾ, ಡಾಮ್ಸ್ ಡ್ರಾಯಿಂಗ್ ಪೆನ್ಸಿಲ್‌ಗಳನ್ನು ಬಿಡಿಯಾಗಿ ಕೇಳಿ. ಸ್ಟೆಡ್ಲರ್‌ನ ನೀಲಿ ಲ್ಯೂಮೊಗ್ರಾಫ್, ಫೇಬರ್ ಕ್ಯಾಸೆಲ್‌ನ ಹಸಿರು 9000 ಬೆಲೆಯಲ್ಲಿ ಹಲವು ಪಟ್ಟು. ಅವುಗಳ ಗುಣ ನಯ ಮತ್ತು ಒಂದೇ ಸಮನಾದ ಲೆಡ್. ಒಳ್ಳೆಯ ಪೆನ್ಸಿಲ್‌ಗಳೇ, ಸಂಶಯವಿಲ್ಲ. ಆದರೆ ಅಳತೆ ತಪ್ಪಿದ ಮೂಗನ್ನು ನಯವಾದ ಲೆಡ್ ಸರಿಮಾಡುವುದಿಲ್ಲವಲ್ಲ.

ಬಿಡಿ ಪೆನ್ಸಿಲ್ ಕೊಳ್ಳುವುದರಲ್ಲಿ ಇನ್ನೊಂದು ಲಾಭವಿದೆ, ಆರಿಸಿಕೊಳ್ಳಬಹುದು. ತುದಿಯನ್ನು ಕಣ್ಣೆದುರು ಹಿಡಿದು ನೋಡಿ. ಲೆಡ್ ಮರದ ನಟ್ಟನಡುವೆ ಇರಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಮೆಂಡರಿಗೆ ಹಾಕಿದಾಗ ಒಂದು ಕಡೆ ಲೆಡ್, ಇನ್ನೊಂದು ಕಡೆ ಮೊನೆಯವರೆಗೂ ಮರ ಬರುತ್ತದೆ. ಆ ಮರ ಹಾಳೆಯನ್ನು ಕೆರೆಯುತ್ತದೆ. ಗಾಜಿನ ಕೌಂಟರ್ ಮೇಲೆ ಉರುಳಿಸಿ, ಡೊಂಕಿದ್ದರೆ ಅಲ್ಲೇ ತಿಳಿಯುತ್ತದೆ. ಮೊನೆ ಪದೇ ಪದೇ ಮುರಿಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ: ಮೆಂಡರಿನ ಬ್ಲೇಡು ಮೊಂಡಾಗಿದೆ, ಇಲ್ಲವೇ ಪೆನ್ಸಿಲ್ ಒಮ್ಮೆ ನೆಲಕ್ಕೆ ಬಿದ್ದು ಒಳಗಿನ ಲೆಡ್ ತುಂಡಾಗಿದೆ. ಎರಡನೆಯದಕ್ಕೆ ಮದ್ದಿಲ್ಲ. 2ಬಿ, 6ಬಿಗಳನ್ನು ಮೆಂಡರಿಗೆ ಹಾಕದೆ ಕಟ್ಟರ್ ಬ್ಲೇಡಿನಲ್ಲಿ ಹೆರೆಯಿರಿ. ಲೆಡ್ ಸುಮಾರು 1 ಸೆಂ.ಮೀ. ಹೊರಗೆ ಕಾಣಬೇಕು, ಅದರ ಹಿಂದೆ 2 ಸೆಂ.ಮೀ. ಇಳಿಜಾರು ಮರ. ಹಾರ್ಡ್‌ವೇರ್ ಅಂಗಡಿಯ 220 ನಂಬರಿನ ಉಪ್ಪು ಕಾಗದದ ಮೇಲೆ ತಿರುಗಿಸುತ್ತಾ ಉಜ್ಜಿದರೆ ಮೊನೆ ಸಿದ್ಧ. ಹೀಗೆ ಉದ್ದಕ್ಕೆ ತೆಗೆದ ಲೆಡ್ಡನ್ನು ಮಲಗಿಸಿ ಆಡಿಸಿದರೆ ಅಗಲ ನೆರಳು, ನಿಲ್ಲಿಸಿದರೆ ಸಣ್ಣ ಗೆರೆ. ಒಂದೇ ಪೆನ್ಸಿಲು ಎರಡು ಕೆಲಸ ಮಾಡುತ್ತದೆ.

ಇನ್ನು ಹಾಳೆ. ನಿಜವಾದ ಖರ್ಚು ಇರಬೇಕಾದದ್ದು ಇಲ್ಲಿ. ರಟ್ಟಿನ ಹೊದಿಕೆ, ಸ್ಪೈರಲ್ ಬೈಂಡಿಂಗ್ ಇರುವ ದುಬಾರಿ ಸ್ಕೆಚ್ ಪುಸ್ತಕ ನೋಡಲು ಚೆಂದ, ಕಲಿಯಲು ತೊಡಕು. ಹಾಳೆ ಹಾಳಾದೀತೆಂಬ ಹೆದರಿಕೆಯಲ್ಲಿ ಒಂದೊಂದನ್ನೂ ‘ಒಳ್ಳೆಯ ಚಿತ್ರ’ ಮಾಡಲು ಹೋಗಿ ವಾರಕ್ಕೆ ಒಂದು ಪುಟವೂ ತುಂಬುವುದಿಲ್ಲ. ಮೊದಲ ಕೆಲವು ತಿಂಗಳಿಗೆ 500 ಹಾಳೆಯ ಎ4 ಝೆರಾಕ್ಸ್ ರೀಮ್ ಒಂದು ತನ್ನಿ. 70–75 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ ಅಷ್ಟು ಗ್ರಾಂ ತೂಕ) ಇರುತ್ತದೆ. ಗೆರೆ, ಚೌಕ, ಅಂಡಾಕಾರ, ಓಡುವ ಪ್ರಾಣಿ, ಇವಕ್ಕೆಲ್ಲ ಧಾರಾಳ ಸಾಕು. ಅದರ ಕೊರತೆ ಏನೆಂದರೆ ಮೈ ತುಂಬ ನುಣುಪು. 6ಬಿ ಒಂದು ಹಂತದ ಮೇಲೆ ಹಿಡಿಯುವುದಿಲ್ಲ, ಜಾರಿ ಹೊಳೆಯುತ್ತದೆ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಉಳಿದ ನ್ಯೂಸ್‌ಪ್ರಿಂಟ್ ಸಿಕ್ಕರೆ ಬಿಡಬೇಡಿ, ಇದ್ದಿಲಿನ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುವುದರಿಂದ ಬಿಸಿಲಿಗೆ ಹಳದಿಯಾಗುತ್ತದೆ. ಅಭ್ಯಾಸದ ಹಾಳೆ ಹಳದಿಯಾದರೆ ಹೋಗಲಿ ಬಿಡಿ.

ನೆರಳು ತುಂಬಿ ಮುಗಿಸುವ ಚಿತ್ರಕ್ಕೆ ಮಾತ್ರ 140 ಜಿಎಸ್‌ಎಂ ಆಸುಪಾಸಿನ ಕಾರ್ಟ್ರಿಡ್ಜ್ ಹಾಳೆ ಬೇಕು. ದೊಡ್ಡ ಹಾಳೆಯನ್ನೇ ಕೊಂಡು ಕತ್ತರಿಸಿಕೊಳ್ಳುವುದು ಅಗ್ಗ. 22×28 ಇಂಚಿನದಾದರೆ 11×14ರ ನಾಲ್ಕು ತುಂಡು ಬರುತ್ತದೆ. ಜಿಎಸ್‌ಎಂ ಎಂಬುದು ತೂಕದ ಲೆಕ್ಕ ಅಷ್ಟೇ. ಹಾಳೆಯ ಮೈ ಒರಟೋ ನುಣುಪೋ, ತಿದ್ದುವುದನ್ನು ತಾಳುತ್ತದೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. 200 ಜಿಎಸ್‌ಎಂ ಎಂದು ಬರೆದಿದ್ದೂ ಎರಡು ಸಲ ಉಜ್ಜಿದರೆ ಜುಂಗು ಏಳುವ ಹಾಳೆಗಳಿವೆ. ಪರೀಕ್ಷೆ ಸುಲಭ. ಒಂದು ಹಾಳೆ ಮಾತ್ರ ಕೊಂಡು ಮೂಲೆಯಲ್ಲಿ ಒಂದು ಇಂಚಿನ ಚೌಕವನ್ನು 2ಬಿಯಲ್ಲಿ ಕಪ್ಪು ಮಾಡಿ, ಪೂರ್ತಿ ಅಳಿಸಿ. ಅದೇ ಜಾಗದಲ್ಲಿ ಮೂರು ಸಲ. ಮೂರನೆಯ ಸಲ ಹಾಕಿದ ಬಣ್ಣ ಮೊದಲಿನಷ್ಟೇ ಸಮವಾಗಿ ಕೂತರೆ ಹಾಳೆ ಗಟ್ಟಿ. ಅಲ್ಲಲ್ಲಿ ಕಪ್ಪು ಮಚ್ಚೆ ಬಂದರೆ ಮೇಲಿನ ನಾರು ಎದ್ದಿದೆ ಎಂದರ್ಥ, ಆ ಹಾಳೆ ಬೇಡ. ಇನ್ನೊಂದು, ಬೆರಳಿಗೆ ಎಂಜಲು ಹಚ್ಚಿ ಮೂಲೆಗೆ ಒತ್ತುವುದು. ಒದ್ದೆ ಕೂಡಲೇ ಹಿಂಬದಿಗೆ ಇಳಿದರೆ ಹಾಳೆಗೆ ನೀರು ತಡೆಯುವ ಅಂಟು ಸಾಲದು. (ಅಂಗಡಿಯವರ ಮುಂದೆ ಇದನ್ನು ಮಾಡಬೇಡಿ.) ಮಳೆಗಾಲದಲ್ಲಿ ಹಾಳೆ ತೇವ ಕುಡಿದು ಮೆತ್ತಗಾಗುತ್ತದೆ, ಎಚ್‌ಬಿ ಕೂಡ ಗೀರು ಹಾಕಲು ಶುರುಮಾಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.

ಹಾಳೆಯ ಕೆಳಗೆ ಏನಿದೆ ಎನ್ನುವುದೂ ಮುಖ್ಯ. ಎ4ಗೆ ಎಕ್ಸಾಂ ಪ್ಯಾಡ್ ಸಾಕು. 11×14ಕ್ಕೆ ಪ್ಲೈವುಡ್ ಅಂಗಡಿಯಲ್ಲಿ ಉಳಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡನ್ನು 13×16 ಇಂಚಿಗೆ ಕತ್ತರಿಸಿಕೊಂಡು ಎರಡು ಕ್ಲಿಪ್ ಹಾಕಿ. ಹಾರ್ಡ್‌ಬೋರ್ಡ್ ಆದರೆ ನುಣುಪು ಬದಿ ಮೇಲಿರಲಿ. ಒರಟು ಬದಿಯ ಮೇಲೆ ಒಂದೇ ಹಾಳೆ ಇಟ್ಟು ನೆರಳು ತುಂಬಿದರೆ ಹಲಗೆಯ ಗಂಟುಗಳೆಲ್ಲ ಚಿತ್ರದಲ್ಲಿ ಮೂಡುತ್ತವೆ. ಯಾವ ಹಲಗೆಯಾದರೂ ಕೆಳಗೆ ಮೂರು ಝೆರಾಕ್ಸ್ ಹಾಳೆ ಹಾಸಿಕೊಳ್ಳುವುದು ವಾಸಿ.

ರಬ್ಬರು ಎರಡು ಬಗೆಯದು ಬೇಕು. ಬಿಳಿ ಪ್ಲಾಸ್ಟಿಕ್ ರಬ್ಬರು ಪೂರ್ತಿ ಅಳಿಸಲು, ನಾದಿದ ಹಿಟ್ಟಿನಂತಿರುವ ನೀಡೆಡ್ ರಬ್ಬರು ಬಣ್ಣ ತಿಳಿ ಮಾಡಲು. ಎರಡನೆಯದನ್ನು ಉಜ್ಜಬಾರದು, ಒತ್ತಿ ಎತ್ತಬೇಕು. ಬಿಳಿ ರಬ್ಬರನ್ನು ಅದರ ಕಾಗದದ ತೋಳು ತೆಗೆದು ಪ್ಲಾಸ್ಟಿಕ್ ಬಾಕ್ಸಿನಲ್ಲಿ ಹಾಕಿಟ್ಟರೆ ಕೆಲವು ವಾರದಲ್ಲಿ ಬಾಕ್ಸಿಗೇ ಅಂಟಿಕೊಳ್ಳುತ್ತದೆ. ರಬ್ಬರನ್ನು ಮೆದುವಾಗಿಡುವ ರಾಸಾಯನಿಕ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಡಬ್ಬಿಯ ಜೊತೆ ಬರುವ ಉಜ್ಜುವ ಕಡ್ಡಿಯನ್ನು ಮೊದಲ ವರ್ಷ ಮುಟ್ಟದಿರುವುದೇ ಲೇಸು. ಅದು ನೆರಳಿನ ಅಂಚನ್ನೆಲ್ಲ ಹೊಗೆಯಾಗಿಸುತ್ತದೆ. ಎಲ್ಲಿ ಅಂಚು ಚೂಪು, ಎಲ್ಲಿ ಮೆದು ಎಂದು ನೋಡುವ ಕೆಲಸವೇ ತಪ್ಪಿಹೋಗುತ್ತದೆ. ಬೆರಳಿನಲ್ಲಿ ತಿಕ್ಕುವುದು ಇನ್ನೂ ಕೆಟ್ಟದ್ದು. ಚರ್ಮದ ಎಣ್ಣೆ ಹಾಳೆಗೆ ಹತ್ತಿದ ಮೇಲೆ ಆ ಮಚ್ಚೆ ಹೋಗುವುದಿಲ್ಲ.

ಡಬ್ಬಿಯಲ್ಲಿಲ್ಲದ, ಆದರೆ ಇರಲೇಬೇಕಾದ ಎರಡು ಸಾಮಾನಿವೆ. ಒಂದು, ಯಾವುದಾದರೂ ಬಾಲ್ ಪೆನ್. ಹಗುರ ಹಿಡಿದರೆ ತಿಳಿ ಗೆರೆ, ಒತ್ತಿದರೆ ಕಪ್ಪು, ಮೇಲಾಗಿ ಅಳಿಸಲಾಗದು. ಅಳಿಸಲಾಗದ್ದರಿಂದಲೇ ಗೆರೆ ಹಾಕುವ ಮುಂಚೆ ನೋಡುವ ಅಭ್ಯಾಸ ಬರುತ್ತದೆ. ಬಿಸಿಲಿಗೆ ಶಾಯಿ ಮಾಸುತ್ತದೆ, ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಬೇಡ. ಎರಡನೆಯದು ಇದ್ದಿಲು. ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಕಾರರು ಮೊದಲ ರೇಖೆ ಹಾಕಿಕೊಳ್ಳುತ್ತಿದ್ದದ್ದು ಸುಟ್ಟ ಹುಣಸೆ ಕಡ್ಡಿಯಲ್ಲಿ. ಇಂದಿಗೂ ಇದನ್ನು ಬಿಟ್ಟಿಯಾಗಿ ಮಾಡಿಕೊಳ್ಳಬಹುದು. ಪೆನ್ಸಿಲ್ ದಪ್ಪದ ಹುಣಸೆ ಕಡ್ಡಿಗಳ ತೊಗಟೆ ಸುಲಿದು, ಚೆನ್ನಾಗಿ ಒಣಗಿಸಿ, ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಒತ್ತಾಗಿ ಜೋಡಿಸಿ. ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ಒಂದು ತೂತು. ಅಂಗಳದಲ್ಲಿ ಸೌದೆ ಬೆಂಕಿಗೆ ಇಟ್ಟರೆ ತೂತಿನಿಂದ ಹೊಗೆ ಬರುತ್ತದೆ, ಅದು ನಿಂತ ಮೇಲೆ ಇಳಿಸಿ. ಡಬ್ಬ ಪೂರ್ತಿ ಆರುವವರೆಗೆ ಮುಚ್ಚಳ ತೆಗೆಯಬಾರದು. ಬಿಸಿಯಿರುವಾಗಲೇ ಗಾಳಿ ತಗುಲಿದರೆ ಕಡ್ಡಿ ಉರಿದು ಬೂದಿಯಾಗುತ್ತದೆ. ಒಳಗೆ ಕಂದು ಉಳಿದಿದ್ದರೆ ಸುಟ್ಟದ್ದು ಸಾಲದು ಎಂದರ್ಥ. ಅಂಗಡಿಯ ಚಾರ್ಕೋಲ್ ಪೆನ್ಸಿಲ್ ಇದಕ್ಕಿಂತ ಕಪ್ಪು, ಆದರೆ ಅಂಟು ಸೇರಿಸಿ ಒತ್ತಿದ್ದರಿಂದ ಸುಲಭಕ್ಕೆ ಅಳಿಯದು. ಹುಣಸೆ ಇದ್ದಿಲು ಬಟ್ಟೆ ಝಾಡಿಸಿದರೆ ಹೋಗುತ್ತದೆ. ತಪ್ಪಿ ತಪ್ಪಿ ಕಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಸಾಮಾನಿನ ಬೆಲೆ ತಿಳಿಯುವುದು ಹೊರಗೆ ಕೂತು ಬರೆದಾಗ. ದೇವರಾಜ ಮಾರುಕಟ್ಟೆಯ ಕುಂಕುಮದ ಅಂಗಡಿಗಳನ್ನೇ ತೆಗೆದುಕೊಳ್ಳಿ. ಗೋಪುರದಂತೆ ಸುರಿದಿಟ್ಟ ಪುಡಿಯ ರಾಶಿಗಳು ಶಂಕುವಿನ ನೆರಳು ಕಲಿಯಲು ಸಿದ್ಧ ಮಾದರಿ. ಹೊಸಬರು ಬೆಳಕಿಗೆ ಬೆನ್ನಾದ ಅಂಚನ್ನೇ ಎಲ್ಲಕ್ಕಿಂತ ಕಪ್ಪು ಮಾಡುತ್ತಾರೆ. ನಿಜಕ್ಕೂ ಗಾಢವಾದ ಪಟ್ಟಿ ಅಂಚಿಗಿಂತ ಸ್ವಲ್ಪ ಒಳಗಿದೆ, ಅಂಚಿಗೆ ಪಕ್ಕದ ರಾಶಿಯ ಬೆಳಕು ಚೂರು ಬಡಿಯುತ್ತಿರುತ್ತದೆ. ಮೊದಲು ಹಾಳೆಯ ಬದಿಯಲ್ಲಿ 2 ಸೆಂ.ಮೀ.ನ ಐದು ಚೌಕ ಹಾಕಿ, ಖಾಲಿ ಬಿಳಿಯಿಂದ ಕಡುಗಪ್ಪಿನವರೆಗೆ 2ಬಿ ಒಂದರಲ್ಲೇ ತುಂಬಿ. ಆಮೇಲೆ ಅರಿಶಿನದ ರಾಶಿ ಎಷ್ಟನೇ ಚೌಕ, ಕಡು ನೀಲಿ ರಾಶಿ ಎಷ್ಟನೇ ಚೌಕ ಎಂದು ಕಣ್ಣು ಕಿರಿದು ಮಾಡಿ ನೋಡಿ. 2ಬಿಯ ಐದನೇ ಚೌಕವೂ ಸಾಲದೆನ್ನಿಸಿದಲ್ಲಿ ಮಾತ್ರ 6ಬಿ ತೆಗೆಯಿರಿ. ಇದನ್ನೇ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಹಲದನ್ಕರ್ ಅವರ ದೀಪ ಹಿಡಿದ ಹೆಂಗಸಿನ ಜಲವರ್ಣಚಿತ್ರದ ಎದುರು ಮನಸ್ಸಿನಲ್ಲೇ ಮಾಡಿ ನೋಡಬಹುದು. ಪೂರ್ತಿ ಬೆಳಕು ಇರುವುದು ಅಂಗೈಯಷ್ಟು ಜಾಗದಲ್ಲಿ, ಉಳಿದದ್ದೆಲ್ಲ ನಡುವಿನ ಛಾಯೆ ಮತ್ತು ಕತ್ತಲು. ಮನೆಗೆ ಬಂದು 6×9 ಸೆಂ.ಮೀ.ನಲ್ಲಿ ಮೂರೇ ಛಾಯೆಯಲ್ಲಿ ನೆನಪಿನಿಂದ ಬರೆಯಿರಿ.

ಅಳತೆಗೆ ಚಾಮುಂಡಿಬೆಟ್ಟದ ನಂದಿ. ಎತ್ತರ ಸುಮಾರು 16 ಅಡಿ, ಉದ್ದ ಸುಮಾರು 25. ನೇರ ಪಕ್ಕದಿಂದ ನೋಡಿದರೆ ಅಗಲ ಎತ್ತರದ ಒಂದೂವರೆ ಪಟ್ಟು. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಪೆನ್ಸಿಲಿನಲ್ಲಿ ಅಳೆದರೆ ಅದೇ ಬರಬೇಕು. ಬಾರದಿದ್ದರೆ ಮೊಣಕೈ ಮಡಚಿದೆ, ಇಲ್ಲವೇ ನಿಂತ ಜಾಗ ಓರೆಯಾಗಿದೆ. ರೈಲ್ವೆ ಮ್ಯೂಸಿಯಂನ ಹಳೇ ಇಂಜಿನುಗಳ ಚಕ್ರಗಳು, ಓರೆಯಿಂದ ನೋಡಿದರೆ, ಅಂಡಾಕಾರಕ್ಕೆ. ಅಂಡಾಕಾರದ ಕಿರಿಯ ಅಕ್ಷ (ನಡುವೆ ಹಾಯುವ ಚಿಕ್ಕ ಅಳತೆಯ ಗೆರೆ) ಚಕ್ರದ ಇರುಸಿನ ದಿಕ್ಕಿನಲ್ಲೇ ಇರಬೇಕು. ತುದಿಗಳು ಚೂಪಾಗಿ ಬರುತ್ತಿದ್ದರೆ ಮಣಿಕಟ್ಟಿನಿಂದ ಬರೆಯುತ್ತಿದ್ದೀರಿ, ತೋಳನ್ನು ಭುಜದಿಂದ ತಿರುಗಿಸಿ. ಚಲನೆಗೆ ಮೃಗಾಲಯ ಅಥವಾ ಕಾರಂಜಿ ಕೆರೆ. 30 ಸೆಕೆಂಡಿಗೊಂದು ಚಿತ್ರ, ಎ4 ಒಂದಕ್ಕೆ ನಾಲ್ಕು, ಬಾಲ್ ಪೆನ್ನಲ್ಲಿ. ಝೆರಾಕ್ಸ್ ರೀಮಿನ ಉಪಕಾರ ಆಗ ತಿಳಿಯುತ್ತದೆ. ಮಂಗಳವಾರ ಮೃಗಾಲಯಕ್ಕೆ ರಜೆ, ನೆನಪಿರಲಿ.

ವಿದೇಶಿ ಕಂಪನಿಯ 12ರ ಡಬ್ಬಿಯ ದುಡ್ಡಿನಲ್ಲಿ ಮೂರು ಬಿಡಿ ಪೆನ್ಸಿಲ್, ಎರಡು ರಬ್ಬರು, ಒಂದು ರೀಮ್, ಹತ್ತು ಕಾರ್ಟ್ರಿಡ್ಜ್ ಹಾಳೆ ಬಂದು ಚಿಲ್ಲರೆಯೂ ಉಳಿಯುತ್ತದೆ. ರೀಮ್ ಖಾಲಿಯಾಗಿ, 2ಬಿ ಎರಡು ಸವೆದ ಮೇಲೆ 4ಬಿ ಒಂದು ಸೇರಿಸಿಕೊಳ್ಳಿ. 8ಬಿ ಹಾಕಿದರೂ ಕಪ್ಪು ಹೊಳೆಯುತ್ತಿದೆ, ಸಾಲದು ಎನ್ನಿಸಿದರೆ ಅದು ಗ್ರಾಫೈಟಿನ ಗುಣ, ಇನ್ನೂ ಮೆದು ಪೆನ್ಸಿಲು ಹುಡುಕಿ ಉಪಯೋಗವಿಲ್ಲ. ಆ ಚಿತ್ರವನ್ನು ಮೊದಲಿನಿಂದಲೇ ಚಾರ್ಕೋಲ್ ಪೆನ್ಸಿಲಿನಲ್ಲಿ ಬರೆಯಿರಿ. ಗ್ರಾಫೈಟ್ ಹಾಕಿದ ಮೇಲೆ ಇದ್ದಿಲು ಹಾಕಲು ಹೋದರೆ ನುಣುಪಿಗೆ ಜಾರಿ ಹಿಡಿಯುವುದಿಲ್ಲ.