ಪೆಡಲ್ ಡಬ್ಬಿಗೆ ಬಣ್ಣ: ಸ್ಪ್ರೇ ಕ್ಯಾನೋ, ಕಾರ್ ಪೇಂಟೋ, ಪೌಡರ್ ಕೋಟಿಂಗೋ?

ಗಿಟಾರಿನ ಶಬ್ದ ಬದಲಿಸುವ ಪೆಡಲ್ ಎಂದರೆ ಕಾಲಲ್ಲಿ ತುಳಿಯಲೆಂದೇ ಮಾಡಿದ ವಸ್ತು. ಶೂ ಉಜ್ಜುತ್ತದೆ, ಬ್ಯಾಗಿನಲ್ಲಿ ಪಕ್ಕದ ಪೆಡಲ್‌ನ ಮೂಲೆ ಕುಟ್ಟುತ್ತದೆ, ಸ್ವಿಚ್ಚಿನ ನಟ್ ಬಿಗಿಸುವಾಗ ಸುತ್ತಲಿನ ಬಣ್ಣ ತಿರುಚಿಕೊಂಡು ಏಳುತ್ತದೆ. ನಾನೇ ಬೆಸುಗೆ ಹಾಕಿ ಮಾಡುವ ಪೆಡಲ್‌ಗಳಿಗೆ ಬಳಸುವುದು 1590ಬಿ ಅಳತೆಯ ಅಲ್ಯೂಮಿನಿಯಂ ಎರಕದ ಡಬ್ಬಿ, ಸುಮಾರು 112 ಮಿ.ಮೀ. ಉದ್ದ, 60 ಮಿ.ಮೀ. ಅಗಲ. ಇದೇ ಡಬ್ಬಿಗೆ ಮೂರು ಬಗೆಯಲ್ಲಿ ಬಣ್ಣ ಹಾಕಿ ಬಳಸಿ ನೋಡಿದ್ದೇನೆ.

ಸ್ಪ್ರೇ ಕ್ಯಾನ್ ಅಗ್ಗ, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಸ್ಟೆನ್ಸಿಲ್ ಇಟ್ಟು ಎರಡು ಮೂರು ಬಣ್ಣದ ಚಿತ್ರ ಮಾಡಲು ಇದರಷ್ಟು ಸಲೀಸು ಬೇರೆ ಇಲ್ಲ. ಆದರೆ ಮಾಮೂಲಿ ಅಕ್ರಿಲಿಕ್ ಕ್ಯಾನಿನ ಬಣ್ಣ ಬರೀ ಒಣಗುತ್ತದೆ, ರಾಸಾಯನಿಕವಾಗಿ ಗಟ್ಟಿಯಾಗುವುದಿಲ್ಲ. ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಬಣ್ಣವೇ ಬಟ್ಟೆಗೆ ಬಂತು. ಉಗುರಲ್ಲಿ ಒತ್ತಿದರೂ ಗುರುತು. ಮಳೆಗಾಲದಲ್ಲಿ ಹೊಡೆದರೆ ಗಾಳಿಯ ತೇವ ಕೂತು ಲ್ಯಾಕರ್ ಬೆಳ್ಳಗೆ ಮಂಜಾಗುತ್ತದೆ. ಕಪಾಟಿನಲ್ಲಿಡುವ ವಸ್ತುವಿಗೆ ಸರಿ, ತುಳಿಯುವ ವಸ್ತುವಿಗೆ ಬೇಡ.

ಪೌಡರ್ ಕೋಟಿಂಗ್ ಬೇರೆಯದೇ ಲೆಕ್ಕ. ಒಣ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹಕ್ಕೆ ಅಂಟಿಸಿ, 180ರಿಂದ 200 ಡಿಗ್ರಿ ಓವನ್ನಿನಲ್ಲಿ ಬೇಯಿಸುತ್ತಾರೆ. ಪುಡಿ ಕರಗಿ, ಹರಡಿ, ಗಟ್ಟಿ ಸಿಪ್ಪೆಯಾಗುತ್ತದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಇಂಥ ಘಟಕಗಳು ಬೇಕಾದಷ್ಟಿವೆ. ತೊಂದರೆ ಏನೆಂದರೆ ಒಂದು ಡಬ್ಬಿಗಾಗಿ ಯಾರೂ ಗನ್ ತೊಳೆದು ಬಣ್ಣ ಬದಲಿಸುವುದಿಲ್ಲ. ಆ ದಿನ ಯಾವ ಬಣ್ಣ ಓಡುತ್ತಿದೆಯೋ ಅದೇ, ಬಹುತೇಕ ಕಪ್ಪು ಇಲ್ಲವೇ ಬಿಳಿ. ಎರಕದ ಲೋಹದೊಳಗೆ ಸಿಕ್ಕಿಕೊಂಡ ಗಾಳಿ ಓವನ್ನಿನಲ್ಲಿ ಹೊರಬಂದು ಸೂಜಿಮೊನೆಯಷ್ಟು ತೂತುಗಳೂ ಬೀಳುತ್ತವೆ. ಪುಡಿ ಹಾಕುವ ಮೊದಲು ಬರೀ ಡಬ್ಬಿಯನ್ನು ಒಮ್ಮೆ ಓವನ್ನಿಗೆ ಹಾಕಿ ಎಂದು ಕೇಳಿಕೊಂಡರೆ ಇದು ತುಂಬಾ ಕಡಿಮೆಯಾಗುತ್ತದೆ. ಇನ್ನೊಂದು ಮಾತು ಮೊದಲೇ ಹೇಳಬೇಕು: ಒಳಭಾಗಕ್ಕೆ ಪುಡಿ ಬೀಳಬಾರದು. ಜ್ಯಾಕ್‌ನಿಂದ ಡಬ್ಬಿಗೆ ಅರ್ಥಿಂಗ್ ಹೋಗುವುದು ಬರೀ ಲೋಹದ ಮೂಲಕ. ಅಲ್ಲಿ ಪದರ ಕೂತರೆ ಆಂಪ್ಲಿಫೈಯರಿನಲ್ಲಿ ಗುಂಯ್ ಶಬ್ದ ಖಾತ್ರಿ.

ಇಷ್ಟೆಲ್ಲ ಇದ್ದರೂ ಗಟ್ಟಿತನದಲ್ಲಿ ಇದನ್ನು ಮೀರಿಸುವುದು ನನಗೆ ಸಿಕ್ಕಿಲ್ಲ. ನಟ್ ಎಷ್ಟು ಬಿಗಿಸಿದರೂ ಬಣ್ಣ ಏಳಲಿಲ್ಲ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಟಿಂಕರಿಂಗ್ ಶೆಡ್ಡಿನ ಕಾರ್ ಪೇಂಟ್, ಗಟ್ಟಿಯಾಗಲು ಹಾರ್ಡ್ನರ್ ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ. ‘ಯಾವ ಗಾಡಿ ಬಂದಿದ್ಯೋ ಅದೇ ಬಣ್ಣ ಸಾರ್, ಮಿಕ್ಕಿದ್ರಲ್ಲಿ ಹೊಡ್ಕೊಡ್ತೀನಿ’ ಎಂದ ಪೇಂಟರ್ ಮೆಟಾಲಿಕ್ ನೀಲಿ ಹೊಡೆದುಕೊಟ್ಟ. ಸ್ಪ್ರೇ ಕ್ಯಾನಿನ ಯಾವ ನೀಲಿಯೂ ಅದರ ಹತ್ತಿರ ಸುಳಿಯುವುದಿಲ್ಲ. ಹಾರ್ಡ್ನರ್ ಸೇರಿದ ಕ್ಲಿಯರ್ ಕೋಟ್, ಅಂದರೆ ಮೇಲಿನ ಪಾರದರ್ಶಕ ಪದರ, ಥಿನ್ನರಿಗೆ ಜಗ್ಗಲಿಲ್ಲ. ಮೂಲೆಗಳಲ್ಲಿ ಮಾತ್ರ ಪೌಡರಿಗಿಂತ ಬೇಗ ಚಕ್ಕೆ ಏಳುತ್ತದೆ. ಅಲ್ಯೂಮಿನಿಯಂ ಮೇಲೆ ಬಣ್ಣ ಹಿಡಿಯುವಂತೆ ಮಾಡುವ ಎಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಹಾಕಿದ್ದಾರೆಯೇ ಎಂದು ನಿಂತು ನೋಡಬೇಕು, ಕಬ್ಬಿಣದ ಮೇಲೆ ಹೊಡೆಯುವ ಅಭ್ಯಾಸದಲ್ಲಿ ಅದನ್ನು ಬಿಟ್ಟುಬಿಡುವವರಿದ್ದಾರೆ. ಈ ಪೇಂಟನ್ನು ಮನೆಯಲ್ಲಿ ಹೊಡೆಯುವ ಯೋಚನೆ ಬೇಡ. ಹಾರ್ಡ್ನರಿನಲ್ಲಿರುವ ಐಸೋಸಯನೇಟ್ ಶ್ವಾಸಕೋಶ ಕೆಡಿಸಿ ಆಸ್ತಮಾ ತರಬಲ್ಲದು, ಬಟ್ಟೆಯ ಮಾಸ್ಕು ಏನೂ ತಡೆಯುವುದಿಲ್ಲ.

ಆನೊಡೈಸಿಂಗ್, ಅಂದರೆ ವಿದ್ಯುತ್ ಹಾಯಿಸಿ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸಿ ಬಣ್ಣ ಕೊಡುವ ವಿಧಾನ, ಯಾಕೆ ಬಿಟ್ಟೆ ಎಂದು ಕೇಳುವವರಿಗೆ: ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಜಾಸ್ತಿ, ಬಣ್ಣ ಮಚ್ಚೆಮಚ್ಚೆಯಾಗಿ ಬೂದು ತಿರುಗುತ್ತದೆ.

ಈಗ ನಾನು ಒಂದೇ ಡಬ್ಬಿಗೆ ಪೌಡರ್, ಪಿಯು ಎರಡನ್ನೂ ಹಾಕಿಸುತ್ತೇನೆ. ತೂತುಗಳನ್ನೆಲ್ಲ ಮೊದಲೇ ಕೊರೆದು ಬಿಳಿ ಪೌಡರ್ ಹಾಕಿಸುತ್ತೇನೆ, 600 ನಂಬರಿನ ವಾಟರ್ ಪೇಪರ್‌ನಲ್ಲಿ ಹೊಳಪು ತೆಗೆದು ಚಿತ್ರದ ಡೆಕಾಲ್ ಅಂಟಿಸುತ್ತೇನೆ, ಮೇಲೆ ಪೇಂಟರ್ ಕೈಯಲ್ಲಿ ಪಿಯು ಕ್ಲಿಯರ್. ಖರ್ಚು ಎರಡು ಕಡೆ ಬೀಳುತ್ತದೆ ನಿಜ. ದುಡ್ಡು ಉಳಿಸಬೇಕೆಂದರೆ ಚಿತ್ರ ಬಿಟ್ಟು ಪೌಡರ್ ಒಂದೇ ಹಾಕಿಸಿ.