ಸೋಲಾರ್ ಸೆಲ್ ಜೋಡಿಸಲು ಯಾವ ತಂತಿ? ಮೂರನ್ನೂ ಬಳಸಿ ನೋಡಿದೆ

ಮನೆಯಲ್ಲೇ ಸೋಲಾರ್ ಪ್ಯಾನೆಲ್ ಮಾಡುವವರು ಟ್ಯಾಬಿಂಗ್ ರಿಬ್ಬನ್ನಿನ, ಅಂದರೆ ಸೆಲ್ ಜೋಡಿಸಲೆಂದೇ ಬರುವ ಚಪ್ಪಟೆ ತಾಮ್ರದ ಪಟ್ಟಿಯ, ರೋಲನ್ನೇ ತಗೊಳ್ಳಿ. ಅಲ್ಲಿ ನಾಲ್ಕು ಕಾಸು ಉಳಿಸಲು ಹೋಗಿ ನಾನು 9 ಸೆಲ್ ಕಳೆದುಕೊಂಡೆ.

ಕೊಟ್ಟಿಗೆಯ ದೀಪಕ್ಕೆ 12 ವೋಲ್ಟಿನ ಬ್ಯಾಟರಿ ಚಾರ್ಜ್ ಆದರೆ ನನಗೆ ಸಾಕಿತ್ತು. ಅದಕ್ಕೆ 3 ಇಂಚು ಅಗಲ, 6 ಇಂಚು ಉದ್ದದ 36 ಸೆಲ್ ಬೇಕು. ಒಂದೊಂದರಿಂದ ಅರ್ಧ ವೋಲ್ಟ್, ಸಾಲಾಗಿ ಸೇರಿಸಿದರೆ 18. ಒಂದರ ಮುಖದಿಂದ ಇನ್ನೊಂದರ ಬೆನ್ನಿಗೆ ಎರಡೆರಡು ತಂತಿ. ಒಟ್ಟು 11 ಮೀಟರ್ ಆಗುತ್ತದೆ.

ಮನೆ ವೈರಿಂಗ್ ಮಾಡಿಸಿದಾಗ ಉಳಿದ ಒಂದು ಸ್ಕ್ವೇರ್ ಎಂಎಂ ವೈರ್ ಅಟ್ಟದ ಮೇಲಿತ್ತು. ಸಿಪ್ಪೆ ಸುಲಿದರೆ ಒಳಗೆ 0.3 ಮಿಲಿಮೀಟರಿನ 14 ಎಳೆ. ನಾಲ್ಕು ಎಳೆ ಸೇರಿದರೆ ಹೆಚ್ಚುಕಮ್ಮಿ ಒಂದು ರಿಬ್ಬನ್ನಿನಷ್ಟೇ ತಾಮ್ರ. ಲೆಕ್ಕ ಸರಿಯಾಗೇ ಇತ್ತು. ನಾಲ್ಕು ಎಳೆ ಹೊಸೆದು, ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಬೆಸುಗೆಯ ಸೀಸ ಹಿಡಿಸಿ ತಯಾರು ಮಾಡಿಕೊಂಡೆ.

ಸೆಲ್ ಹಪ್ಪಳಕ್ಕಿಂತ ತೆಳು, 0.2 ಮಿಲಿಮೀಟರ್ ಅಷ್ಟೇ. ಹೊಸೆದ ತಂತಿ ಎಷ್ಟು ತಟ್ಟಿದರೂ ಅಲ್ಲಲ್ಲಿ ಉಬ್ಬಿರುತ್ತದೆ. ಉಬ್ಬಿನ ಮೇಲೆ ಕಾದ ಬೆಸುಗೆ ಐರನ್ ಒತ್ತಿದರೆ ಕೆಳಗೆ ಚಿಟ್ ಅಂತ ಸದ್ದು. ಮೊದಲ ದಿನವೇ ಹೀಗೆ 4 ಹೋದವು.

ಉಳಿದವನ್ನು ಮೆಲ್ಲಗೆ ಬೆಸೆದೆ. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಇನ್ನೂ 5 ಸೆಲ್ಲಿನಲ್ಲಿ ತಂತಿಯ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ಯಾರೂ ಮುಟ್ಟಿರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಆರುವಾಗ ತಾಮ್ರ ಸಿಲಿಕಾನ್‌ಗಿಂತ ಸುಮಾರು ಆರು ಪಟ್ಟು ಜಾಸ್ತಿ ಕುಗ್ಗುತ್ತದೆ. ಎಳೆಗಳ ನಡುವೆ ಸೀಸ ಇಳಿದು ನನ್ನ ತಂತಿ ಮೊಳೆಯಂತೆ ಗಟ್ಟಿಯಾಗಿತ್ತು. ಅದು ಬಾಗಲಿಲ್ಲ, ಸೆಲ್ಲನ್ನೇ ಎಳೆದು ಸೀಳಿತು.

ರಿಬ್ಬನ್ನಿನ ತಾಮ್ರ ಕಾಯಿಸಿ ಮೆದು ಮಾಡಿದ್ದು. 2 ಮಿಲಿಮೀಟರ್ ಅಗಲ, ಕಾಗದದಂತೆ ತೆಳು, ಮೇಲೆ ಸೀಸದ ಲೇಪ ಮೊದಲೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡು ತಂದೆ. ರೋಲಿನಿಂದ ಬಿಚ್ಚಿದಾಗ ಸುರುಳಿ ಸುತ್ತಿಕೊಳ್ಳುತ್ತದೆ. ಹಾಗೇ ಬೆಸೆದರೆ ತುದಿ ಎದ್ದು ನಿಲ್ಲುತ್ತದೆ. ಅದಕ್ಕೆ ಒಂದು ಮೀಟರ್ ಕತ್ತರಿಸಿ, ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಒಂದೇ ಸಲ ಮೆಲ್ಲಗೆ ಎಳೆಯುತ್ತೇನೆ. ಕೈಗೆ ಚೂರು ಜಗ್ಗಿದಂತೆ ಆಗುತ್ತದೆ, ನೆಟ್ಟಗಾಗುತ್ತದೆ. ಮತ್ತೆ ಮತ್ತೆ ಎಳೆಯಬೇಡಿ, ಮೆದುತನ ಹೋಗುತ್ತದೆ. ಆಮೇಲೆ ಹಲಗೆಯ ಮೇಲೆ ಗೆರೆ ಹಾಕಿಕೊಂಡು 15 ಸೆಂಟಿಮೀಟರಿನ ತುಂಡು ಮಾಡುವುದು. ಸೆಲ್ ಸೆಲ್ ನಡುವೆ ಚೂರು ಜಾಗ ಬಿಟ್ಟು, ಅಲ್ಲಿ ತಂತಿಗೆ ಸಣ್ಣ ಬಾಗು ಕೊಟ್ಟರೆ ಬಿಸಿಲಿಗೆ ಹಿಗ್ಗಲು ಕುಗ್ಗಲು ಎಡೆ ಇರುತ್ತದೆ. ಹೊಸ ಸೆಲ್ ತಂದು ಇದರಲ್ಲೇ ಪೂರ್ತಿ ಮಾಡಿದೆ, ಒಂದೂ ಒಡೆಯಲಿಲ್ಲ.

ತಂತಿ ಹಚ್ಚಿಯೇ ಬರುವ ಸೆಲ್ಲುಗಳನ್ನೂ ಒಂದು ಕಟ್ಟು ತರಿಸಿದ್ದೆ. ಮುಖದ ಬೆಸುಗೆ ಆಗಿರುತ್ತದೆ, ಬೆನ್ನಿನದಷ್ಟೇ ನಮ್ಮ ಕೆಲಸ. ಅರ್ಧ ಸಮಯ ಉಳಿಯುತ್ತದೆ ನಿಜ. ಆದರೆ ದುಡ್ಡು ಜಾಸ್ತಿ, ದಾರಿಯಲ್ಲಿ ತಂತಿಗಳು ಮಡಚಿ ಬರುತ್ತವೆ. ಕೊನೆಯ ಸೆಲ್ಲಿಗೆ ಹೇಗೂ ರಿಬ್ಬನ್ ಬೇಕೇ ಬೇಕು, ಅಲ್ವಾ?

ಐರನ್ 60 ವ್ಯಾಟಿನದು ಇರಲಿ. 25ರದ್ದಕ್ಕೆ ಕಾವು ಸಾಲದು. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಡಬ್ಬಿಯದಾದರೆ ಅಂಟು ಬಿಟ್ಟು ಗಾಜಿನಡಿ ಕಂದುಗಟ್ಟುತ್ತದೆ, ಪೆನ್ನಿನಲ್ಲಿ ಬರುವುದೇ ಒಳ್ಳೆಯದು. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಸೋಲಾರ್ ಕೇಬಲ್ಲನ್ನೇ ಎಳೆಯಿರಿ. ಮನೆ ವೈರಿನ ಸಿಪ್ಪೆ ಬಿಸಿಲಿಗೆ ಒಡೆಯುತ್ತದೆ.

ಊಟ ಆದ ಮೇಲೆ ದಿನಾ ಒಂದು ಗಂಟೆ ಕೂತು ಕೆಲಸ ಮಾಡುವವನು ನಾನು. ಅವಸರ ಇಲ್ಲ, ದುಡ್ಡು ಅಳತೆಯದು. ನನಗೆ ರಿಬ್ಬನ್ನೇ ಸರಿ. ಒಂದೇ ಭಾನುವಾರದಲ್ಲಿ ಮುಗಿಸಬೇಕು ಅನ್ನುವವರು ತಂತಿ ಹಚ್ಚಿದ ಸೆಲ್ಲಿಗೆ ದುಡ್ಡು ಕೊಡಲಿ. ರೋಲಿನಲ್ಲಿ ಉಳಿದ ರಿಬ್ಬನ್ನನ್ನು ಆಗಲೇ ನೆಟ್ಟಗೆ ಮಾಡಿ, ತುಂಡರಿಸಿ, ಒಂದು ಪಿವಿಸಿ ಪೈಪಿನೊಳಗೆ ಮಡಚದ ಹಾಗೆ ಇಟ್ಟಿದ್ದೇನೆ. ಮುಂದಿನ ಪ್ಯಾನೆಲ್ ಪಂಪಿನ ಮನೆಗೆ.