ಎಸ್‌ಯು ಜೋಡಿ, ವೇಬರ್ ಒಂಟಿ: ಎಂಜಿಬಿ ಎಂಜಿನಿಗೆ ಎರಡನ್ನೂ ಹಾಕಿ ನೋಡಿದ ಮೇಲೆ

ನನ್ನ ಬಳಿಯಿರುವ 1967ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನಿನಿಂದ ಮೂಲದ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರುಗಳನ್ನು (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನಿಗೆ ಕೊಡುವ ಸಾಧನ) ಬಿಚ್ಚಿ, ವೇಬರ್ 45 ಡಿಸಿಒಇ ಎಂಬ ಬೇರೆ ಕಂಪನಿಯ ಕಾರ್ಬುರೇಟರ್ ಒಂದನ್ನು ಕೂರಿಸಿ, ಒಂದು ಮಳೆಗಾಲವಿಡೀ ಓಡಿಸಿ, ಮತ್ತೆ ಎಸ್‌ಯುಗೇ ಮರಳಿದ್ದೇನೆ. ಕಾಸರಗೋಡಿನಂಥ ಊರಿನಲ್ಲಿದ್ದುಕೊಂಡು, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲನ್ನೇ ಹಾಕಿ ಇಂಥ ಕಾರು ಓಡಿಸುವವರಿಗೆ ಎಸ್‌ಯುವೇ ತಕ್ಕದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ವೇಬರಿನ ಗುಣವನ್ನು ಮೊದಲು ಹೇಳಬೇಕು. ಎಂಜಿನ್ 4000 ಆರ್‌ಪಿಎಂ ದಾಟಿದ ಮೇಲೆ ಅದು ಕೊಡುವ ಎಳೆತ ಎಸ್‌ಯುವಿನಲ್ಲಿ ಇಲ್ಲ. ಸದ್ದೂ ಚೆನ್ನ.

ಆದರೆ ನಾವು ಕಾರು ಓಡಿಸುವುದು ಬಹುಪಾಲು ಅದಕ್ಕಿಂತ ಕೆಳಗೆ. ಕುಂಬಳೆ, ಉಪ್ಪಳದ ಕಡೆ ವಾಹನಗಳ ಸಾಲಿನ ಹಿಂದೆ ಮೂರನೆಯ ಗೇರಿನಲ್ಲಿ ಸಾಗುತ್ತ, ಪೆಡಲನ್ನು ಮೆಲ್ಲನೆ ಒತ್ತಿದಾಗ, ಸುಮಾರು 2300 ಆರ್‌ಪಿಎಂ ಹೊತ್ತಿಗೆ ಎಂಜಿನ್ ಒಮ್ಮೆ ಉಸಿರು ಹಿಡಿದು, ಮಿಸ್ಸಿಂಗ್ ಹೊಡೆದು, ಆಮೇಲೆ ಜಗ್ಗಿಕೊಂಡು ಮುಂದೆ ಹೋಗುತ್ತಿತ್ತು. ಜೋರಾಗಿ ಒತ್ತಿದರೆ ಈ ತೊಂದರೆ ಇರಲಿಲ್ಲ. ವೇಬರಿನಲ್ಲಿ ಪೆಡಲ್ ಒತ್ತಿದೊಡನೆ ಪೆಟ್ರೋಲ್ ಚಿಮ್ಮಿಸುವ ಪಂಪ್ ಇದೆ. ಮೆಲ್ಲನೆ ಒತ್ತಿದಾಗ ಅದರ ಸಹಾಯ ಅಷ್ಟಾಗಿ ಸಿಗದೆ ಐಡಲ್ ಜೆಟ್‌ನ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಕೊರತೆ ಬಯಲಾಗುತ್ತದೆ. ಹೆಸರು ಐಡಲ್ ಜೆಟ್ ಆದರೂ ಮುಖ್ಯ ಜೆಟ್ ಕೆಲಸಕ್ಕೆ ಇಳಿಯುವವರೆಗೆ, ಅಂದರೆ ಹೆಚ್ಚುಕಡಿಮೆ 3000 ಆರ್‌ಪಿಎಂವರೆಗೆ, ಎಂಜಿನ್ ನಡೆಯುವುದು ಅದರ ಮೇಲೆಯೇ. ಹೊರಗಿನ ಮಿಶ್ರಣದ ಸ್ಕ್ರೂ ತಿರುಗಿಸಿದರೆ ನಿಂತ ಕಾರಿನ ಐಡ್ಲಿಂಗ್ ಸರಿಯಾಗುತ್ತದೆಯೇ ಹೊರತು ಈ ನಡುವಿನ ತಡವರಿಕೆ ಹೋಗುವುದಿಲ್ಲ. ಅದಕ್ಕೆ ಜೆಟ್ಟನ್ನೇ ಬದಲಿಸಬೇಕು.

ಬದಲಿಸುವುದು ಸುಲಭ, ಮೇಲಿನ ಮುಚ್ಚಳ ತೆಗೆದರೆ ಸಾಕು. ಬದಲಿಸಲು ಜೆಟ್ ಬೇಕಲ್ಲ! ಕಾಸರಗೋಡಿನಲ್ಲಿ ಇಲ್ಲ, ಮಂಗಳೂರಿನಲ್ಲೂ ನನಗೆ ಸಿಗಲಿಲ್ಲ. 45ರ ಬದಲು 50, ಅದೂ ಸಾಲದೆ 55 ಎಂದು ಪ್ರತಿಸಲವೂ ದೂರದಿಂದ ತರಿಸಿ, ಕಾದು, ಹಾಕಿ ನೋಡಬೇಕಾಯಿತು. ಜೆಟ್ ಮೇಲಿನ ಸಂಖ್ಯೆ ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದ್ದು: 50 ಎಂದರೆ ಅರ್ಧ ಮಿಲಿಮೀಟರಿನ ತೂತು. ಇಷ್ಟು ಸೂಕ್ಷ್ಮವಾದ ವಸ್ತುವಿನಲ್ಲಿ, ಒಬ್ಬ ಮಾರಾಟಗಾರರು ಕಳಿಸಿದ ಒಂದೇ ಸಂಖ್ಯೆಯ ಎರಡು ಜೆಟ್ಟುಗಳು ಒಂದರಂತೆ ಒಂದಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ, ಒಂದರ ಹಿತ್ತಾಳೆಯ ಅಂಚಿನಲ್ಲಿ ಯಾರೋ ಸಣ್ಣ ಬೈರಿಗೆ ಆಡಿಸಿದ ಹೊಸ ಗೀರು ಹೊಳೆಯುತ್ತಿತ್ತು. ಹಣ ಹಿಂದಿರುಗಲಿಲ್ಲ. ಈ ಎಂಜಿನಿನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿಯ ದಾರಿ ಎರಡೇ ಆದುದರಿಂದ, ವೇಬರಿನ ಎರಡು ಬಾಯಿಗೆ ಒಂದೊಂದರಂತಿರುವ ಜೋಡಿ ಜೆಟ್ಟುಗಳಲ್ಲಿ ಒಂದು ಕೆಟ್ಟರೆ ಅರ್ಧ ಎಂಜಿನ್ನೇ ಕೆಟ್ಟಂತೆ.

ಎಸ್‌ಯುವಿನಲ್ಲಿ ಇರುವುದು ಒಂದೇ ಜೆಟ್. 0.090 ಇಂಚಿನ ಆ ಜೆಟ್ ಒಳಗೆ, ಕಾರ್ಬುರೇಟರಿನದೇ ಪುಟ್ಟ ಪಿಸ್ಟನ್ನಿಗೆ ಸಿಕ್ಕಿಸಿದ ಮೊನಚು ಸೂಜಿ ಗಾಳಿಯ ಹರಿವಿಗೆ ತಕ್ಕಂತೆ ಏರಿಳಿಯುತ್ತದೆ. ಅಡಿಯ ಷಟ್ಕೋನ ನಟ್ ಕೆಳಕ್ಕೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು, ಮೇಲಕ್ಕೆ ತಿರುಗಿಸಿದರೆ ಕಡಿಮೆ. ಜೆಟ್ಟನ್ನು ಪೂರ್ತಿ ಮೇಲೇರಿಸಿ ಎರಡು ಸುತ್ತು ಇಳಿಸಿ ಶುರುಮಾಡಿ, ಎಂಜಿನ್ ಬಿಸಿಯಾದ ಮೇಲೆ ನಟ್ಟನ್ನು ಅದರ ಒಂದೊಂದೇ ಮುಖದಷ್ಟು ತಿರುಗಿಸುತ್ತ ಹೋಗಬೇಕು. ಪಕ್ಕದ ಪಿನ್ನಿನಿಂದ ಪಿಸ್ಟನ್ನನ್ನು ಮಿಲಿಮೀಟರಿಗೂ ಕಡಿಮೆ ಎತ್ತಿದಾಗ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಆರುವಂತಾದರೆ ಕಡಿಮೆ. ಕ್ಷಣಮಾತ್ರ ತುಸು ಏರಿ ಇಳಿದರೆ ಸರಿ.

20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲಂತೂ ಈ ನಟ್‌ನ ಬೆಲೆ ನನಗೆ ಇನ್ನಷ್ಟು ತಿಳಿಯಿತು. ಒಂದು ಭಾಗ ಪೆಟ್ರೋಲ್ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಥನಾಲಿಗೆ 9 ಭಾಗ ಸಾಕು, ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಹಳೆಯ ಜೆಟ್‌ನಲ್ಲಿ ಹೊಸ ಇಂಧನ ಹರಿದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ. ವೇಬರಿನಲ್ಲಿ ಇದಕ್ಕೆ ಮತ್ತೊಂದು ಸುತ್ತಿನ ಜೆಟ್ ಖರೀದಿ, ಎಸ್‌ಯುವಿನಲ್ಲಿ ಸ್ಪ್ಯಾನರಿನ ಸಣ್ಣ ತಿರುವು. ಪ್ಲಗ್ಗುಗಳು ಈಗ ತಿಳಿಕಂದು ಬಣ್ಣಕ್ಕೆ ಬಂದಿವೆ, ಮಿಶ್ರಣ ಸರಿಯಿದೆ ಎಂಬುದರ ಗುರುತು ಅದು.

ಬಲ್ಲವರು ಹತ್ತಿರದಲ್ಲಿರುವುದೂ ದೊಡ್ಡ ಅನುಕೂಲ. ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ ಇದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸರಣಿಯದು, ಕಾರ್ಬುರೇಟರೂ ಎಸ್‌ಯುವೇ. ಟ್ಯಾಕ್ಸಿಗಳ ಕಾಲದಿಂದ ಕೆಲಸ ಮಾಡಿದ ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಿದವರೇ, “ಮಾಷ್ಟ್ರೇ, ಇದು ಅಂಬಾಸಿಡರಿನ ಅಣ್ಣ ಅಲ್ವಾ!” ಎಂದು ಸಂತೋಷಪಟ್ಟರು. ಎರಡೂ ಕಾರ್ಬುರೇಟರುಗಳ ಬಾಯಿಗೆ ರಬ್ಬರ್ ಕೊಳವೆ ಹಿಡಿದು, ಹಿಸ್ಸೆನ್ನುವ ಸದ್ದು ಸಮವಾಗುವ ತನಕ ಥ್ರಾಟಲ್ ಸ್ಕ್ರೂ ಹೊಂದಿಸಿಕೊಟ್ಟರು.

ಎಸ್‌ಯುಗೂ ಉಪಚಾರ ಬೇಕು. ಡ್ಯಾಶ್‌ಪಾಟಿನ, ಅಂದರೆ ಆ ಪುಟ್ಟ ಪಿಸ್ಟನ್ನಿನ ಏರಿಕೆಯನ್ನು ನಿಧಾನಿಸುವ ಭಾಗದ, ಎಣ್ಣೆ ನೋಡುತ್ತಿರಬೇಕು. ಥ್ರಾಟಲ್ ಸ್ಪಿಂಡಲ್ (ಗಾಳಿಯ ಬಾಗಿಲು ತಿರುಗುವ ಅಚ್ಚು) ಸವೆದು ಗಾಳಿ ಎಳೆದರೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ರೇಸಿನ ಹುಚ್ಚಿರುವವರು, ಜೆಟ್‌ಗಳ ಪೂರ್ತಿ ಪೆಟ್ಟಿಗೆಯನ್ನೇ ಕೊಳ್ಳಬಲ್ಲವರು ವೇಬರ್ ಹಾಕಿಸಲಿ. ಭಾನುವಾರ ಬೇಕಲದವರೆಗೆ, ಅಪರೂಪಕ್ಕೆ ಸುಳ್ಯದ ಮೇಲಿಂದ ಮಡಿಕೇರಿಗೆ ಹೋಗಿಬರುವ, ಪಿಂಚಣಿಯಲ್ಲಿ ಕಾರು ಸಾಕುವ ನನಗೆ ಎಸ್‌ಯು ಸಾಕು. ವೇಬರನ್ನು ಮಾರಿ, ಬಂದ ಹಣದಲ್ಲಿ ಎರಡು ಹೊಸ ಸೂಜಿ, ಎರಡು ಜೆಟ್ ಮತ್ತು ಸ್ಪಿಂಡಲ್ಲುಗಳನ್ನು ತರಿಸುವವನಿದ್ದೇನೆ.